ಆಪರೇಷನ್ ಎಷ್ಟು ಅಂತ ಹೇಳುತ್ತೀರಿ, ಆಮೇಲೆ ಏನಾಯಿತು ಅಂತ ಯಾಕೆ ಹೇಳಲ್ಲ?

ಮಾನ್ಯ ಸಂಪಾದಕರೇ,

ಮಂಡ್ಯದಿಂದ ಮೈಸೂರಿಗೆ ಹೋಗುವಾಗ ರಸ್ತೆ ಪಕ್ಕದಲ್ಲಿ ಆಸ್ಪತ್ರೆಗಳ ದೊಡ್ಡ ದೊಡ್ಡ ಬೋರ್ಡು ಕಾಣುತ್ತವೆ. ಬಿಳಿ ಕೋಟು ಹಾಕಿ ಕೈ ಕಟ್ಟಿಕೊಂಡು ನಿಂತ ಡಾಕ್ಟರು, ಪಕ್ಕದಲ್ಲೊಂದು ಕೆಂಪು ಹೃದಯ, ಕೆಳಗೆ ‘ಇಷ್ಟು ಸಾವಿರ ಯಶಸ್ವಿ ಹೃದಯ ಶಸ್ತ್ರಚಿಕಿತ್ಸೆ’ ಅಂತ ದಪ್ಪ ಅಕ್ಷರ. ನಿಮ್ಮ ಜಿಲ್ಲಾ ಪುಟದಲ್ಲೂ ಈ ತರಹದ ಸುದ್ದಿ ಆಗಾಗ ಬರುತ್ತದೆ. ಆಸ್ಪತ್ರೆಯವರು ಪತ್ರಿಕಾಗೋಷ್ಠಿ ಕರೆಯುತ್ತಾರೆ, ಗುಣವಾದ ರೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ, ಫೋಟೊ ಬರುತ್ತದೆ. ಸಂತೋಷ. ಆದರೆ ಆ ಸಾವಿರ ಜನರಲ್ಲಿ ಒಂದು ತಿಂಗಳಾದ ಮೇಲೆ ಎಷ್ಟು ಜನ ಬದುಕಿದ್ದರು, ಎಷ್ಟು ಜನ ಮತ್ತೆ ಆಸ್ಪತ್ರೆ ಸೇರಿದರು, ಎಷ್ಟು ಜನರ ಗಾಯ ಕೀವು ಕಟ್ಟಿತು, ವರ್ಷ ಕಳೆದ ಮೇಲೆ ಎಷ್ಟು ಜನ ಏದುಸಿರಿಲ್ಲದೆ ಗದ್ದೆ ಬದುವಿನ ಮೇಲೆ ನಡೆದುಕೊಂಡು ಹೋಗುತ್ತಿದ್ದಾರೆ ಅನ್ನುವುದನ್ನು ನಾನು ನೋಡಿದ ಯಾವ ಬೋರ್ಡಿನಲ್ಲೂ ಬರೆದಿರಲಿಲ್ಲ.

ನಾನು ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು. ಛೇದ ಕೊಟ್ಟು ಅಂಶ ಕೊಡದೇ ಇದ್ದರೆ ಅದು ಭಿನ್ನರಾಶಿ ಆಗುವುದಿಲ್ಲ. ಮಾಡಿದ ಆಪರೇಷನ್ನುಗಳ ಸಂಖ್ಯೆ ಬರೀ ಛೇದ. ಮೇಲಿನ ಸಂಖ್ಯೆ ಎಲ್ಲಿ? ಇಷ್ಟು ಕೇಳುವುದಕ್ಕೆ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ಕತ್ತರಿಸಬೇಕಾದರೆ ಕತ್ತರಿಸಿ, ಆದರೆ ಲೆಕ್ಕದ ಭಾಗ ಮಾತ್ರ ಬಿಡಬೇಡಿ.

2025ರ ಜೂನ್, ಜುಲೈ ತಿಂಗಳು ನೆನಪಿದೆಯಲ್ಲ. ಹಾಸನ ಜಿಲ್ಲೆಯಲ್ಲಿ ಚಿಕ್ಕ ವಯಸ್ಸಿನವರು ಒಬ್ಬರಾದ ಮೇಲೆ ಒಬ್ಬರು ಹೃದಯಾಘಾತದಿಂದ ಹೋಗುತ್ತಿದ್ದಾರೆ ಅಂತ ಸುದ್ದಿ ಬಂದಿದ್ದೇ ತಡ, ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಿಗ್ಗೆ ಬೆಳಿಗ್ಗೆನೇ ಜನ ಸಾಲು ನಿಂತರು. ಎದೆ ಸ್ವಲ್ಪ ಚುಚ್ಚಿದರೂ ಸಾಕು, ಬಸ್ಸು ಹತ್ತಿ ಬಂದುಬಿಡುವುದು. ಸರ್ಕಾರ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಮುಂದಾಳತ್ವದಲ್ಲಿ ಸಮಿತಿ ಮಾಡಿತು. ಸತ್ತವರ ವಿವರಗಳನ್ನು ಆಮೇಲೆ ಒಂದೊಂದಾಗಿ ಕಲೆ ಹಾಕಬೇಕಾಯಿತು. ಅದಾದ ಮೇಲೆ ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಆರೋಗ್ಯ ಸಚಿವರು ಹೇಳಿದರು. ಒಳ್ಳೆಯದೇ. ಲೆಕ್ಕ ಇಲ್ಲದ ಕಡೆ ಭಯ ಹೇಗೆ ಬೆಳೆಯುತ್ತದೆ ಅಂತ ನಾವೆಲ್ಲ ಕಣ್ಣಾರೆ ನೋಡಿದೆವು. ಆದರೆ ಅದು ಆಸ್ಪತ್ರೆಗೆ ಬರುವ ಮೊದಲೇ ಸತ್ತವರ ಮಾತು. ಬಂದವರು, ಎದೆ ತೆರೆಸಿಕೊಂಡವರು, ಮನೆಗೆ ಹೋದವರು, ಇವರ ಲೆಕ್ಕ?

ನಮ್ಮ ಭಾವನವರ ವಿಷಯ ಹೇಳುತ್ತೇನೆ. ಪಾಂಡವಪುರದ ಕಡೆ ಕಬ್ಬು ಬೆಳೆಯುವವರು, ಸಕ್ಕರೆ ಕಾಯಿಲೆ ಬಹಳ ವರ್ಷದ್ದು. ಮೂರು ಕಡೆ ಬ್ಲಾಕ್ ಇದೆ, ಸ್ಟೆಂಟ್ ಆಗಲ್ಲ, ಬೈಪಾಸೇ ಆಗಬೇಕು, ಅಂದರೆ ಎದೆ ತೆರೆದು ಕಾಲಿನಿಂದಲೋ ಎದೆಯಿಂದಲೋ ನಾಳ ತಂದು ಬ್ಲಾಕ್ ದಾಟಿಸಿ ಜೋಡಿಸಬೇಕು ಅಂದರು. ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಯಿತು. ಆಪರೇಷನ್ ಚೆನ್ನಾಗಿಯೇ ಆಯಿತು, ಡಾಕ್ಟರ ಬಗ್ಗೆ ಇವತ್ತಿಗೂ ನಮ್ಮ ಮನೆಯಲ್ಲಿ ಯಾರೂ ಒಂದು ಮಾತು ಆಡುವುದಿಲ್ಲ. ಮನೆಗೆ ಬಂದು ಕೆಲವು ವಾರ ಕಳೆದ ಮೇಲೆ ಎದೆಯ ಗಾಯದ ಕೆಳಭಾಗದಲ್ಲಿ ಕೆಂಪಗಾಗಿ ನೀರು ಒಸರಲು ಶುರುವಾಯಿತು, ಜ್ವರ ಬಂತು. ಮೈಸೂರಿಗೆ ಹೋಗೋಣ ಅಂದರೆ ಒಪ್ಪಲಿಲ್ಲ. ಬಾಡಿಗೆ ಕಾರು, ಮತ್ತೆ ಅಡ್ಮಿಟ್, ಮತ್ತೆ ಬಿಲ್ಲು ಅನ್ನುವ ಹೆದರಿಕೆ, ಅದರ ಜೊತೆ ಕಬ್ಬು ಕಡಿಯುವ ಸಮಯ ಬೇರೆ. ತಾಲೂಕಿನಲ್ಲೇ ಒಂದು ನರ್ಸಿಂಗ್ ಹೋಮಿಗೆ ಹೋಗಿ ದಿನಾ ಡ್ರೆಸ್ಸಿಂಗ್ ಮಾಡಿಸಿಕೊಂಡು, ಇಂಜೆಕ್ಷನ್ ತಗೊಂಡು, ಹೇಗೋ ವಾಸಿ ಮಾಡಿಕೊಂಡರು. ಪುಣ್ಯಕ್ಕೆ ಸೋಂಕು ಮೂಳೆಯವರೆಗೆ ಹೋಗಿರಲಿಲ್ಲ.

ಈಗ ಲೆಕ್ಕ ನೋಡಿ. ಆ ಮೈಸೂರಿನ ಆಸ್ಪತ್ರೆಯ ಪುಸ್ತಕದಲ್ಲಿ ಭಾವನವರು ಏನೂ ತೊಂದರೆ ಇಲ್ಲದೆ ಗುಣವಾಗಿ ಹೋದ ರೋಗಿ. ಅವರಿಗೆ ಸೋಂಕು ಆಗಿತ್ತು ಅನ್ನುವುದು ಎದೆ ಕೊಯ್ದು ಹೊಲಿದ ಡಾಕ್ಟರಿಗೆ ಗೊತ್ತೇ ಇಲ್ಲ. ಇಂಥವರು ಇನ್ನೂ ನಾಲ್ಕು ಜನ ಇದ್ದು, ಒಬ್ಬರು ನಾಗಮಂಗಲದಲ್ಲಿ, ಒಬ್ಬರು ಹುಣಸೂರಿನಲ್ಲಿ, ಒಬ್ಬರು ಕೆ.ಆರ್. ಪೇಟೆಯಲ್ಲಿ ಅಂತ ಹಂಚಿಹೋಗಿ ಅಲ್ಲಲ್ಲೇ ಡ್ರೆಸ್ಸಿಂಗ್ ಮಾಡಿಸಿಕೊಳ್ಳುತ್ತಿದ್ದರೆ, ಆಪರೇಷನ್ ಥಿಯೇಟರಿನಲ್ಲೋ ಐಸಿಯುನಲ್ಲೋ ಏನೋ ಸರಿಯಿಲ್ಲ ಅಂತ ಆಸ್ಪತ್ರೆಗೆ ಹೊಳೆಯುವುದಾದರೂ ಹೇಗೆ? ಎದೆಮೂಳೆಯ ಗಾಯದ ಸೋಂಕು ಎಷ್ಟೋ ಸಲ ಕಾಣಿಸಿಕೊಳ್ಳುವುದೇ ಡಿಸ್ಚಾರ್ಜ್ ಆದ ಮೇಲೆ. ಸಕ್ಕರೆ ಕಾಯಿಲೆ ಇದ್ದವರಿಗೆ ಅದರ ಅಪಾಯ ಜಾಸ್ತಿ. ಅಂದರೆ ಹುಡುಕಬೇಕಾದ ಜಾಗ ರೋಗಿಯ ಮನೆ, ನಾವು ಎಣಿಸುತ್ತಿರುವುದು ವಾರ್ಡಿನಲ್ಲಿ.

ಫೋನ್ ಬರಲಿಲ್ಲ ಅಂತಲ್ಲ, ಬಂತು. ಆಸ್ಪತ್ರೆಯಿಂದ ಒಬ್ಬ ಹುಡುಗಿ ಮಾತಾಡಿ ರೂಮಿನ ಸ್ವಚ್ಛತೆಗೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ, ಕ್ಯಾಂಟೀನ್ ಊಟಕ್ಕೆ ಎಷ್ಟು ಕೊಡುತ್ತೀರಿ ಅಂತ ಕೇಳಿದಳು. ಭಾವನವರು ಊಟಕ್ಕೆ ಮೂರು ಕೊಟ್ಟರು, ಸಾರಿಗೆ ಉಪ್ಪಿರಲಿಲ್ಲ ಅಂತ. ಗಾಯ ಹೇಗಿದೆ ಅಂತ ಆ ಹುಡುಗಿ ಕೇಳಲಿಲ್ಲ, ಕೇಳುವ ಹಾಗೆ ಅವಳ ಕೈಯಲ್ಲಿದ್ದ ಹಾಳೆಯಲ್ಲಿ ಬರೆದಿರಲಿಲ್ಲ. ಹಾಗಾಗಿ ಫೋನ್ ಮಾಡುವುದಕ್ಕೆ ಜನ ಇಲ್ಲ, ದುಡ್ಡಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಜನ ಇದ್ದಾರೆ. ಪ್ರಶ್ನೆ ಬದಲಾಗಬೇಕು ಅಷ್ಟೇ.

ಏನೇನು ಕೇಳಬೇಕು ಅನ್ನುವುದೇನು ಗುಟ್ಟಲ್ಲ. 30ನೇ ದಿನಕ್ಕೆ ಬದುಕಿದ್ದಾರಾ? ಮತ್ತೆ ಆಸ್ಪತ್ರೆ ಸೇರಿದರಾ? ಎದೆ ಗಾಯ, ಕಾಲಿನಿಂದ ನಾಳ ತೆಗೆದ ಕಡೆಯ ಗಾಯ ಒಣಗಿದೆಯಾ? ಕೈಕಾಲು, ಮಾತು ಬಿದ್ದಿತಾ? ಡಯಾಲಿಸಿಸ್ ಬೇಕಾಯಿತಾ? ಮಾತ್ರೆ ತಗೊಳ್ಳುತ್ತಿದ್ದಾರಾ? ರಕ್ತಸ್ರಾವಕ್ಕೆ ಅಂತ ಎದೆಯನ್ನು ಮತ್ತೊಮ್ಮೆ ತೆರೆಯಬೇಕಾಯಿತಾ ಅನ್ನುವುದು ಹೇಗೂ ಆಸ್ಪತ್ರೆಯ ಕೇಸ್ ಶೀಟಿನಲ್ಲೇ ಇರುತ್ತದೆ. ವರ್ಷಕ್ಕೊಮ್ಮೆ ಇನ್ನೊಂದು ಫೋನ್. ಬೈಪಾಸಿನಲ್ಲಿ ಕಾಲಿನಿಂದ ತಂದು ಜೋಡಿಸಿದ ನಾಳಗಳಲ್ಲಿ ಹತ್ತು ವರ್ಷದ ಹೊತ್ತಿಗೆ ಹೆಚ್ಚುಕಡಿಮೆ ಅರ್ಧ ಮುಚ್ಚಿಹೋಗಿರುತ್ತವೆ, ಎದೆಗೋಡೆಯ ಒಳಗಿನ ನಾಳ ತಂದು ಜೋಡಿಸಿದ್ದು ಹತ್ತರಲ್ಲಿ ಒಂಬತ್ತು ಆಗಲೂ ತೆರೆದೇ ಇರುತ್ತದೆ ಅಂತ ಇವತ್ತು ಡಾಕ್ಟರುಗಳಿಗೆ ಗೊತ್ತಿದೆ. ಹೇಗೆ ಗೊತ್ತಾಯಿತು? ಯಾರೋ ಎಲ್ಲೋ ಹತ್ತು ವರ್ಷ ರೋಗಿಗಳ ಬೆನ್ನು ಬಿಡದೆ ನೋಡಿದ್ದರಿಂದ.

ವಾಲ್ವ್ ಬದಲಾಯಿಸಿಕೊಂಡವರ ಕಥೆ ಇನ್ನೂ ಬೇರೆ. ಚಿಕ್ಕಂದಿನಲ್ಲಿ ಗಂಟಲು ನೋವು ಬಂದು, ಕೀಲು ನೋವಿನ ಜ್ವರ ಬಂದು, ಅದರಿಂದ ಹೃದಯದ ಕವಾಟ ಕೆಟ್ಟವರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ, ಅದರಲ್ಲೂ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು. ಲೋಹದ ವಾಲ್ವ್ ಹಾಕಿದ ಮೇಲೆ ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದು ಅಂತ ಅಸಿಟ್ರೋಮ್ ಅಥವಾ ವಾರ್ಫರಿನ್ ಮಾತ್ರೆ ಜೀವನಪೂರ್ತಿ ನುಂಗಬೇಕು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತಿಳಿಯಲು ಐಎನ್‌ಆರ್ ಅಂತ ಒಂದು ರಕ್ತ ಪರೀಕ್ಷೆಯನ್ನು ಆಗಾಗ ಮಾಡಿಸುತ್ತಿರಬೇಕು. ಅದು ಕಡಿಮೆ ಆದರೆ ವಾಲ್ವ್ ಮೇಲೆ ಹೆಪ್ಪು, ಲಕ್ವ. ಜಾಸ್ತಿ ಆದರೆ ಮೆದುಳಲ್ಲೋ ಹೊಟ್ಟೆಯಲ್ಲೋ ರಕ್ತಸ್ರಾವ. ನಮ್ಮ ಕಡೆ ಮಳೆ ಬಿದ್ದ ಮೇಲೆ ಸೊಪ್ಪು ಯಥೇಚ್ಛ, ಮಸ್ಸೊಪ್ಪು, ಬಸ್ಸಾರು ದಿನಾ ನಡೆಯುತ್ತದೆ. ಸೊಪ್ಪು ಒಮ್ಮೆಲೇ ಜಾಸ್ತಿ ಆದರೆ ಅದರಲ್ಲಿರುವ ಕೆ ವಿಟಮಿನ್ನಿನಿಂದ ಮಾತ್ರೆಯ ಕೆಲಸ ತಗ್ಗುತ್ತದೆ, ಪೂರ್ತಿ ಬಿಟ್ಟರೆ ಏರುತ್ತದೆ. ಅಳತೆಯಲ್ಲಿ ಒಂದೇ ಸಮ ತಿನ್ನಿ ಅಂತ ಹೇಳಬೇಕು, ಪರೀಕ್ಷೆ ಮಾಡಿಸಬೇಕು. ಆ ಹೆಣ್ಣುಮಗಳು ಗರ್ಭಿಣಿ ಆದಾಗ ಈ ಮಾತ್ರೆಯದೇ ಇನ್ನೊಂದು ದೊಡ್ಡ ತಲೆನೋವು. ಇಂಥವರ ಆಪರೇಷನ್ ಒಂದು ದಿನದ್ದು, ಫಲಿತಾಂಶ ಮುಂದಿನ ಮೂವತ್ತು ವರ್ಷದ್ದು. ಏಳೆಂಟು ದಿನಕ್ಕೆ ಮನೆಗೆ ಕಳಿಸಿದೆವು ಅಂತ ಫೈಲು ಮುಚ್ಚಿದರೆ ಏನು ಗೊತ್ತಾದ ಹಾಗಾಯಿತು?

ಇದೆಲ್ಲ ಆಗುವ ಕೆಲಸವಾ ಅಂತ ಕೇಳುವವರಿಗೆ, ಆಗಿದೆ ಅಂತ ಹೇಳಬೇಕು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆ 1989ರಲ್ಲಿ ಒಂದು ಕೆಲಸ ಶುರು ಮಾಡಿತು. ಬೈಪಾಸ್ ಮಾಡುವ ಪ್ರತಿ ಆಸ್ಪತ್ರೆಯೂ ಪ್ರತಿ ರೋಗಿಯ ವಯಸ್ಸು, ಬೇರೆ ಕಾಯಿಲೆ, ಹೃದಯದ ಬಲ, ತುರ್ತಾಗಿ ಬಂದವರಾ ಅಲ್ಲವಾ, ಕೊನೆಗೆ ಏನಾಯಿತು ಅಂತ ಬರೆದು ಕಳಿಸಬೇಕು. ರೋಗಿ ಎಷ್ಟು ಕಾಯಿಲೆಯವರಾಗಿದ್ದರು ಅನ್ನುವುದನ್ನು ಲೆಕ್ಕಕ್ಕೆ ತಗೊಂಡು ಆಸ್ಪತ್ರೆವಾರು ಸಾವಿನ ಪ್ರಮಾಣ ಪ್ರಕಟಿಸಿದರು. ಇಡೀ ರಾಜ್ಯದಲ್ಲಿ ಆ ಪ್ರಮಾಣ 1989ರಲ್ಲಿ ಶೇ 4.17 ಇದ್ದದ್ದು 1992ರ ಹೊತ್ತಿಗೆ ಶೇ 2.45ಕ್ಕೆ ಇಳಿಯಿತು. ಮೂರು ವರ್ಷದಲ್ಲಿ ಶೇ 41ರಷ್ಟು ಇಳಿಕೆ. ಹೊಸ ಮಷೀನ್ ತಂದು ಅಲ್ಲ, ಎಣಿಸಲು ಶುರು ಮಾಡಿ. ಅಷ್ಟೂ ಇಳಿಕೆ ಎಣಿಕೆಯಿಂದಲೇ ಆಯಿತಾ ಅಂತ ಅಲ್ಲಿ ವಾದ ನಡೆದಿದೆ, ಆ ವರ್ಷಗಳಲ್ಲಿ ಬೇರೆ ಕಡೆಯೂ ಸಾವು ಇಳಿಯುತ್ತಿತ್ತು ನಿಜ. ಆದರೂ ಅದರೊಳಗಿನ ಒಂದು ಆಸ್ಪತ್ರೆಯ ಕಥೆ ನನಗೆ ಈ ದೊಡ್ಡ ಸಂಖ್ಯೆಗಿಂತ ಜಾಸ್ತಿ ಇಷ್ಟ.

ಆಲ್ಬನಿ ಊರಿನ ಸೇಂಟ್ ಪೀಟರ್ಸ್ ಆಸ್ಪತ್ರೆ. ಸಾವು ಜಾಸ್ತಿ ಇದೆ ಅಂತ ಪಟ್ಟಿಯಲ್ಲಿ ಬಂತು. ಮೊದಲು ಅವರಿಗೂ ಸಿಟ್ಟು ಬಂತು, ಲೆಕ್ಕವೇ ತಪ್ಪಿರಬೇಕು ಅನ್ನಿಸಿತು. ಆಮೇಲೆ ತಮ್ಮದೇ ಅಂಕಿಗಳನ್ನು ಬಿಡಿಸಿ ನೋಡಿದರು. ಮಾಮೂಲಿ ರೋಗಿಗಳಲ್ಲಿ ತೊಂದರೆಯೇ ಇಲ್ಲ. ಸಾಯುತ್ತಿದ್ದವರು ತುರ್ತಾಗಿ ಬಂದವರು, 1992ರಲ್ಲಿ ಅಂಥ 42 ಜನರಲ್ಲಿ 11 ಜನ. ಕಾರಣ ಹುಡುಕಿದರೆ, ಹೃದಯಾಘಾತವಾಗಿ ಬಂದವರನ್ನು ಸ್ಥಿರವಾಗಲು ಬಿಡದೆ ಅವಸರ ಅವಸರವಾಗಿ ಥಿಯೇಟರಿಗೆ ಒಯ್ಯುತ್ತಿದ್ದರು. ಮೊದಲು ರಕ್ತದೊತ್ತಡ ಸರಿಮಾಡಿ, ಹೃದಯಕ್ಕೆ ಬಲೂನ್ ಪಂಪಿನ ಆಸರೆ ಕೊಟ್ಟು, ಆಮೇಲೆ ಆಪರೇಷನ್ ಮಾಡಲು ಶುರು ಮಾಡಿದರು. 1993ರಲ್ಲಿ 54 ತುರ್ತು ರೋಗಿಗಳಲ್ಲಿ ಒಬ್ಬರೂ ಸಾಯಲಿಲ್ಲ. ಅದೇ ಡಾಕ್ಟರುಗಳು, ಅದೇ ಥಿಯೇಟರ್. ಅವರ ಕೈಚಳಕದಲ್ಲಿ ಕೊರತೆ ಇರಲಿಲ್ಲ, ತಾವು ಎಲ್ಲಿ ಎಡವುತ್ತಿದ್ದೇವೆ ಅಂತ ಕಾಣುತ್ತಿರಲಿಲ್ಲ ಅಷ್ಟೇ.

ಅದೇ ದೇಶದ ಮೇನ್, ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್ ರಾಜ್ಯಗಳ ಡಾಕ್ಟರುಗಳು 1987ರಲ್ಲಿ ತಾವೇ ಒಂದು ಗುಂಪು ಮಾಡಿಕೊಂಡರು. ಅಂಕಿ ಹಂಚಿಕೊಂಡರು, ಒಬ್ಬರ ಆಸ್ಪತ್ರೆಗೆ ಇನ್ನೊಬ್ಬರು ಹೋಗಿ ಆಪರೇಷನ್ ನಡೆಯುವುದನ್ನು ನಿಂತು ನೋಡಿ ಬಂದರು. ಸಾವು ಶೇ 24ರಷ್ಟು ಇಳಿಯಿತು. ಸರ್ಕಾರದ ಆದೇಶ ಇರಲಿಲ್ಲ. ಮೈಸೂರಿನ ಹೃದಯ ಶಸ್ತ್ರಚಿಕಿತ್ಸಕರು ಮನಸ್ಸು ಮಾಡಿದರೆ ಇದನ್ನು ನಾಳೆಯೇ ಶುರು ಮಾಡಬಹುದು, ಎಲ್ಲರೂ ಒಂದೇ ಊರಿನಲ್ಲಿದ್ದಾರೆ, ಒಬ್ಬರಿಗೊಬ್ಬರು ಪರಿಚಯದವರೇ.

ಎಣಿಸದೇ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಇಂಗ್ಲೆಂಡಿನ ಬ್ರಿಸ್ಟಲ್ ಸಾಕ್ಷಿ. ಅಲ್ಲಿನ ರಾಯಲ್ ಇನ್‌ಫರ್ಮರಿ ಆಸ್ಪತ್ರೆಯಲ್ಲಿ ಎಳೆ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಸ್ಟೀಫನ್ ಬೋಲ್ಸಿನ್ ಅನ್ನುವ ಅರಿವಳಿಕೆ ಡಾಕ್ಟರು ಇಲ್ಲಿ ಮಕ್ಕಳು ಸಾಯುವುದು ಜಾಸ್ತಿ ಅಲ್ವಾ ಅಂತ ಅನುಮಾನ ಬಂದು ತಾವೇ ಲೆಕ್ಕ ಇಡಲು ಶುರು ಮಾಡಿದರು. ದೊಡ್ಡವರಿಗೆ ಹೇಳಿದರೆ ಕೇಳುವವರಿಲ್ಲ. ಅವರು ಕೊನೆಗೆ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದರು. 2001ರಲ್ಲಿ ಬಂದ ವಿಚಾರಣಾ ವರದಿ ಹೇಳಿದ್ದು ಇಷ್ಟು: 1991ರಿಂದ 1995ರ ಒಳಗೆ, ಬೇರೆ ಕಡೆ ಇಂಥ ಆಪರೇಷನ್ ಆಗಿದ್ದರೆ ಸಾಯಬಹುದಾಗಿದ್ದ ಮಕ್ಕಳಿಗಿಂತ 30ರಿಂದ 35 ಮಕ್ಕಳು ಜಾಸ್ತಿ ಸತ್ತಿದ್ದರು, ಎಲ್ಲ ಒಂದು ವರ್ಷದೊಳಗಿನ ಕೂಸುಗಳು. ಆ ಅಪ್ಪ ಅಮ್ಮಂದಿರ ನೋವಿನಿಂದಲೇ ಆ ದೇಶದಲ್ಲಿ ಹೃದಯ ಶಸ್ತ್ರಚಿಕಿತ್ಸೆಯ ಫಲಿತಾಂಶವನ್ನು ಜನರ ಮುಂದೆ ಇಡುವ ಪದ್ಧತಿ ಗಟ್ಟಿಯಾಯಿತು.

ಈಗ ಡಾಕ್ಟರುಗಳ ಆಕ್ಷೇಪಕ್ಕೆ ಬರೋಣ. ಅದು ಸುಮ್ನೆ ತಳ್ಳಿಹಾಕುವ ಆಕ್ಷೇಪ ಅಲ್ಲ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ನೂರಕ್ಕೆ ನೂರು ಬರಲಿ ಅಂತ ಕೆಲವು ಶಾಲೆಯವರು ಓದಿನಲ್ಲಿ ಹಿಂದಿರುವ ಮಕ್ಕಳಿಗೆ ಒಂಬತ್ತನೇ ಕ್ಲಾಸಿನಲ್ಲೇ ಟಿಸಿ ಕೊಟ್ಟು ಕಳಿಸುವುದು ಯಾರಿಗೆ ಗೊತ್ತಿಲ್ಲ? ಹಾಗೆಯೇ ಸಾವಿನ ಪಟ್ಟಿ ಹಾಕಿದರೆ, 75 ವಯಸ್ಸಿನ, ಕಿಡ್ನಿ ಸರಿ ಇಲ್ಲದ, ಹೃದಯದ ಪಂಪಿಂಗ್ ಶೇ 25ಕ್ಕೆ ಇಳಿದಿರುವ ಅಜ್ಜನನ್ನು ಯಾರು ಮುಟ್ಟುತ್ತಾರೆ? ಬೆಂಗಳೂರಿಗೆ ಕರಕೊಂಡು ಹೋಗಿ ಅಂದುಬಿಡುತ್ತಾರೆ. ನ್ಯೂಯಾರ್ಕಿನಲ್ಲೂ ಈ ದೂರು ಎದ್ದಿತು.

ಇದಕ್ಕೆ ಮದ್ದು, ರೋಗಿ ಎಷ್ಟು ಕಾಯಿಲೆಯವರು ಅಂತ ನೋಡದ ಕಚ್ಚಾ ಪಟ್ಟಿ ಹಾಕದೇ ಇರುವುದು. ಯೂರೋಸ್ಕೋರ್ ಅಂತ ಒಂದು ಲೆಕ್ಕ ಇದೆ, 1999ರಲ್ಲಿ ಬಂತು, ಯುರೋಪಿನ 8 ದೇಶಗಳ 128 ಆಸ್ಪತ್ರೆಗಳ ಸುಮಾರು 19 ಸಾವಿರ ರೋಗಿಗಳ ವಿವರ ಇಟ್ಟುಕೊಂಡು ಮಾಡಿದ್ದು. 2012ರಲ್ಲಿ ಅದನ್ನು ತಿದ್ದಿ ಹೊಸದು ಮಾಡಿದರು. ವಯಸ್ಸು, ಕಿಡ್ನಿ, ಶ್ವಾಸಕೋಶ, ಹೃದಯದ ಬಲ, ತುರ್ತು ಎಲ್ಲ ಹಾಕಿದರೆ ಈ ರೋಗಿಯ ಅಪಾಯ ನೂರಕ್ಕೆ ಇಷ್ಟು ಅಂತ ಬರುತ್ತದೆ. ನಮ್ಮ ಡಾಕ್ಟರುಗಳಿಗೂ ಇದು ಚೆನ್ನಾಗಿ ಗೊತ್ತು. ಒಂದು ಆಸ್ಪತ್ರೆಯ ಎಲ್ಲ ರೋಗಿಗಳ ಅಪಾಯ ಕೂಡಿದರೆ ಎಷ್ಟು ಸಾವು ನಿರೀಕ್ಷೆ ಮಾಡಬಹುದು ಅಂತ ಸಿಗುತ್ತದೆ. ನಿಜವಾಗಿ ಆದ ಸಾವನ್ನು ಅದರಿಂದ ಭಾಗಿಸಿ, ಒಂದಕ್ಕಿಂತ ಕಡಿಮೆ ಬಂದರೆ ಒಳ್ಳೆಯದು. ಉದಾಹರಣೆಗೆ ಒಂದು ಕಡೆ ನೂರು ಜನ ಸುಲಭದ ರೋಗಿಗಳು, ನಿರೀಕ್ಷೆ 2, ಆಗಿದ್ದೂ 2. ಇನ್ನೊಂದು ಕಡೆ ನೂರು ಜನ ಕಷ್ಟದ ರೋಗಿಗಳು, ನಿರೀಕ್ಷೆ 6, ಆಗಿದ್ದು 4. ಬರೀ ಸಾವು ನೋಡಿದರೆ ಎರಡನೆಯದು ಕೆಟ್ಟ ಆಸ್ಪತ್ರೆ. ಭಾಗಿಸಿ ನೋಡಿದರೆ ಅದೇ ಒಳ್ಳೆಯದು, ಕಷ್ಟದವರನ್ನು ಉಳಿಸಿದ್ದಕ್ಕೆ ಅದಕ್ಕೆ ಹೆಸರು ಬರುತ್ತದೆ. ಯುರೋಪಿನವರ ಲೆಕ್ಕ ನಮ್ಮ ಜನಕ್ಕೆ ಹಾಗೇ ಹೊಂದುತ್ತದೆ ಅಂತ ನಾನು ಹೇಳುವುದಿಲ್ಲ. ನಮ್ಮವರಿಗೆ ಬೈಪಾಸ್ ಚಿಕ್ಕ ವಯಸ್ಸಿಗೇ ಬೇಕಾಗುತ್ತದೆ, ನಾಳಗಳು ಸಣ್ಣ, ಸಕ್ಕರೆ ಜಾಸ್ತಿ. ನಮ್ಮ ಅಂಕಿ ಕೂಡಿಬಂದಾಗ ನಮ್ಮದೇ ಲೆಕ್ಕ ಮಾಡಿಕೊಳ್ಳಬಹುದು. ಅಂಕಿಯೇ ಇಲ್ಲದೆ ಹೇಗೆ ಮಾಡುವುದು?

ಇನ್ನೊಂದು ವಿಷಯವನ್ನು ಡಾಕ್ಟರುಗಳಿಗಿಂತ ಜಾಸ್ತಿ ನಿಮ್ಮಂಥ ಪತ್ರಿಕೆಯವರಿಗೆ ಹೇಳಬೇಕು. ಸಣ್ಣ ಸಂಖ್ಯೆಗಳು ಮೋಸ ಮಾಡುತ್ತವೆ. ಪ್ರತಿ ಆಪರೇಷನ್ನಿನಲ್ಲೂ ಸಾವಿನ ಅಪಾಯ ಸರಿಯಾಗಿ ಶೇ 3 ಇರುವ ಆಸ್ಪತ್ರೆ ವರ್ಷಕ್ಕೆ ನೂರು ಆಪರೇಷನ್ ಮಾಡುತ್ತದೆ ಅಂದುಕೊಳ್ಳಿ. ಆ ವರ್ಷ ಒಬ್ಬರೂ ಸಾಯದೇ ಇರುವ ಸಾಧ್ಯತೆ ನೂರಕ್ಕೆ ಸುಮಾರು 5. ಆರು ಅಥವಾ ಅದಕ್ಕಿಂತ ಹೆಚ್ಚು ಜನ ಸಾಯುವ ಸಾಧ್ಯತೆ ನೂರಕ್ಕೆ ಸುಮಾರು 8. ಎರಡೂ ಬರೀ ಅದೃಷ್ಟದ ಆಟ, ಕೈ ಅದೇ ಕೈ. ಮೊದಲ ಆಸ್ಪತ್ರೆಗೆ ‘ಶೂನ್ಯ ಸಾವಿನ ಸಾಧನೆ’ ಅಂತ ಹಾರ ಹಾಕಿ, ಎರಡನೆಯದಕ್ಕೆ ‘ಸಾವಿನ ಮನೆ’ ಅಂತ ಹೆಡ್‌ಲೈನ್ ಕೊಟ್ಟರೆ ಎರಡೂ ತಪ್ಪು. ಅದಕ್ಕೇ ಮೂರ್ನಾಲ್ಕು ವರ್ಷದ ಅಂಕಿ ಕೂಡಿಸಿ ನೋಡಬೇಕು. ಆಸ್ಪತ್ರೆಯ ಒಳಗೆ ಮಾತ್ರ ಪ್ರತಿ ಆಪರೇಷನ್ ಆದ ಮೇಲೆ, ರೋಗಿ ಬದುಕಿದರೆ ಮೇಲಕ್ಕೆ, ಸತ್ತರೆ ಕೆಳಕ್ಕೆ ಅಂತ ಗೆರೆ ಮುಂದುವರಿಸುತ್ತಾ ಹೋಗುವ ನಕ್ಷೆ ಇರಬೇಕು. ನಿರೀಕ್ಷೆಗಿಂತ ಗೆರೆ ಕೆಳಗೆ ಜಾರುತ್ತಿದೆ ಅಂದ ಕೂಡಲೇ ಕೂತು ಮಾತಾಡಬಹುದು, ವರ್ಷದ ಕೊನೆಯವರೆಗೆ ಕಾಯಬೇಕಾಗಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಜನರ ಮುಂದೆ ಇಡುವಾಗ ಆಸ್ಪತ್ರೆಯ ಹೆಸರು ಸಾಕು, ಒಬ್ಬೊಬ್ಬ ಡಾಕ್ಟರ ಹೆಸರು ಬೇಡ. ಬೈಪಾಸ್ ಅನ್ನುವುದು ಒಬ್ಬರ ಕೆಲಸ ಅಲ್ಲ. ಅರಿವಳಿಕೆ ಕೊಡುವವರು, ಹಾರ್ಟ್ ಲಂಗ್ ಮಷೀನ್ ನಡೆಸುವವರು, ರಾತ್ರಿ ಮೂರು ಗಂಟೆಗೆ ಐಸಿಯುನಲ್ಲಿ ಡ್ರೈನ್ ಬಾಟಲಿಯ ರಕ್ತ ನೋಡಿ ಡಾಕ್ಟರನ್ನು ಎಬ್ಬಿಸುವ ನರ್ಸಮ್ಮ, ಎಲ್ಲರದೂ ಪಾಲಿದೆ. ಅವಳ ಪಾಲು ಎಷ್ಟು ದೊಡ್ಡದು ಅಂತ ಬೋರ್ಡಿನ ಮೇಲೆ ಯಾರೂ ಹಾಕುವುದಿಲ್ಲ ಬಿಡಿ.

ನಮ್ಮಲ್ಲಿ ಇದನ್ನು ಯಾರು ಮಾಡಿಸಬೇಕು? ದುಡ್ಡು ಕೊಡುವವರು. 2003ರಲ್ಲಿ ಯಶಸ್ವಿನಿ ಆರೋಗ್ಯ ಯೋಜನೆ ಬಂದಾಗ ನಮ್ಮ ಜಿಲ್ಲೆಯ ಸಹಕಾರ ಸಂಘಗಳ ರೈತರು ಆ ಕಾರ್ಡ್ ಹಿಡಿದು ಹಾರ್ಟ್ ಆಪರೇಷನ್ ಮಾಡಿಸಿಕೊಂಡರು. ಆಮೇಲೆ ಆರೋಗ್ಯಶ್ರೀ ಬಂತು, ಈಗ ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ, ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅದನ್ನು ನೋಡಿಕೊಳ್ಳುತ್ತದೆ. ಯಾವ ಆಸ್ಪತ್ರೆಯಲ್ಲಿ, ಯಾವ ದಿನ, ಯಾರಿಗೆ, ಯಾವ ಆಪರೇಷನ್ ಆಯಿತು ಅನ್ನುವುದು ಗೊತ್ತಿಲ್ಲದೆ ಟ್ರಸ್ಟ್ ದುಡ್ಡು ಕೊಡುವುದಿಲ್ಲ. ಅಂದರೆ ಛೇದ ಅವರ ಕೈಯಲ್ಲೇ ಇದೆ. 30ನೇ ದಿನದ ಸ್ಥಿತಿ ಬರೆದು ಕಳಿಸಿದ ಮೇಲೆ ಬಿಲ್ಲಿನ ಕೊನೆಯ ಒಂದು ಸಣ್ಣ ಭಾಗ ಬಿಡುಗಡೆ ಅಂತ ಒಂದು ಸಾಲು ನಿಯಮಕ್ಕೆ ಸೇರಿಸಲಿ. ಫಲಿತಾಂಶ ಚೆನ್ನಾಗಿದ್ದರೆ ಮಾತ್ರ ದುಡ್ಡು ಅಂತ ನಾನು ಹೇಳುತ್ತಿಲ್ಲ, ಹಾಗೆ ಮಾಡಿದರೆ ಸುಳ್ಳು ಬರೆಯುತ್ತಾರೆ. ಬರೆದು ಕಳಿಸಿದರೆ ದುಡ್ಡು. ಒಳ್ಳೆಯದಾದರೂ ಕೆಟ್ಟದಾದರೂ.

ಮನೆ ಮನೆಗೆ ಹೋಗುವವರು ಯಾರು ಅಂತ ಕೇಳಬೇಡಿ. ಮಗು ಹುಟ್ಟಿದ ಮೇಲೆ 3, 7, 14, 21, 28, 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದು ನೋಡುತ್ತಾಳೆ. ಅದೇ ಊರಿನಲ್ಲಿ ವರ್ಷಕ್ಕೆ ಎಷ್ಟು ಜನಕ್ಕೆ ಬೈಪಾಸ್ ಆಗುತ್ತದೆ, ಒಬ್ಬರೋ ಇಬ್ಬರೋ. ಅವರನ್ನೂ ಎರಡು ಸಲ ನೋಡಿ ಬಾಮ್ಮ ಅಂದರೆ ಅವಳೇನು ಬೇಡ ಅನ್ನುವುದಿಲ್ಲ, ಆದರೆ ಪುಕ್ಕಟೆ ಮಾಡಿಸಬೇಡಿ, ಅವರಿಗೆ ಈಗಲೇ ಕೆಲಸ ಜಾಸ್ತಿ, ಗೌರವಧನ ಕಡಿಮೆ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡಿ, ಹೃದಯಾಘಾತ ಅಂತಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ತಾಲೂಕಿನಿಂದ ದೊಡ್ಡಾಸ್ಪತ್ರೆಗೆ ತಂತಿ ಈಗಾಗಲೇ ಎಳೆದಾಗಿದೆ. ಆಪರೇಷನ್ ಆದವರ ಸುದ್ದಿಯೂ ಅದೇ ದಾರಿಯಲ್ಲಿ ಮೈಸೂರಿಗೆ ವಾಪಸ್ ಹೋಗಲಿ.

ಸತ್ತವರ ವಿಷಯ ತಿಳಿಯುವುದು ಇನ್ನೂ ಸುಲಭ. ನಮ್ಮ ಹಳ್ಳಿಯಲ್ಲಿ ಯಾರಾದರೂ ತೀರಿಕೊಂಡರೆ ತಿಥಿ ಮುಗಿಯುವುದರೊಳಗೆ ಮರಣ ಪ್ರಮಾಣಪತ್ರಕ್ಕೆ ಓಡುತ್ತಾರೆ, ಪೌತಿ ಖಾತೆ ಆಗಬೇಕಲ್ಲ, ಪಹಣಿ ಬದಲಾಗಬೇಕಲ್ಲ. ರಾಜ್ಯದ ಇ-ಜನ್ಮ ತಂತ್ರಾಂಶದಲ್ಲಿ ಸಾವು ದಾಖಲಾಗುತ್ತದೆ. ಕಾರಣ ಮಾತ್ರ ಎಷ್ಟೋ ಸಲ ಮನೆಯವರು ಬಾಯಿಮಾತಿನಲ್ಲಿ ಹೇಳಿದ್ದು, ಅದನ್ನು ನಂಬುವ ಹಾಗಿಲ್ಲ. ಆದರೆ ದಿನಾಂಕ ನಂಬಬಹುದು. ಟ್ರಸ್ಟಿನ ಪಟ್ಟಿಯನ್ನೂ ಈ ಪಟ್ಟಿಯನ್ನೂ ಪಕ್ಕ ಪಕ್ಕ ಇಟ್ಟು ಹೊಂದಿಸಿದರೆ 30 ದಿನ, ಒಂದು ವರ್ಷದ ಲೆಕ್ಕ ಕಚೇರಿಯಲ್ಲಿ ಕೂತೇ ಸಿಗುತ್ತದೆ. ಹೆಸರು ಯಾರಿಗೂ ಹೇಳಬೇಕಾಗಿಲ್ಲ, ಹೊರಗೆ ಬರುವುದು ಸಂಖ್ಯೆ ಮಾತ್ರ. ಬದುಕಿರುವವರನ್ನು ವಿಚಾರಿಸುವುದಕ್ಕೆ ಫೋನ್ ಸಾಕು. ಸಿಮ್ ಬದಲಾಯಿಸಿಬಿಡುತ್ತಾರೆ ಅನ್ನುವುದಾದರೆ ಎರಡು ನಂಬರ್ ಬರೆದುಕೊಳ್ಳಲಿ, ಮಗನದೊಂದು, ಪಕ್ಕದ ಮನೆಯವರದೊಂದು. ಕನ್ನಡದಲ್ಲಿ ಮಾತಾಡಲಿ, ‘ಡಿಸ್ಚಾರ್ಜ್ ನಂತರ ಯಾವುದೇ ಸಂಕೀರ್ಣತೆ ಕಂಡುಬಂದಿದೆಯೇ’ ಅಂತ ಓದದೆ, ಗಾಯದಿಂದ ನೀರು ಬರ್ತಿದೆಯಾ ಅಂತ ಕೇಳಲಿ.

ಕಂಪ್ಯೂಟರ್ ಇಲ್ಲ, ತಂತ್ರಾಂಶ ಆಗಬೇಕು, ಟೆಂಡರ್ ಕರೆಯಬೇಕು ಅಂತ ಯಾರಾದರೂ ಅಂದರೆ ಬಾಸ್ಟನ್ನಿನ ಅರ್ನೆಸ್ಟ್ ಕಾಡ್ಮನ್ ಅವರ ಹೆಸರು ಹೇಳಿ. ನೂರು ವರ್ಷಕ್ಕೂ ಹಿಂದೆ ಆ ಸರ್ಜನ್ ಪ್ರತಿ ರೋಗಿಗೆ ಒಂದು ಕಾರ್ಡ್ ಇಟ್ಟು, ವರ್ಷವಾದ ಮೇಲೆ ಆ ರೋಗಿ ಹೇಗಿದ್ದಾರೆ ಅಂತ ವಿಚಾರಿಸಿ ಬರೆಯುತ್ತಿದ್ದರು. ದೊಡ್ಡ ಆಸ್ಪತ್ರೆಯವರಿಗೆ ಇದು ಹಿಡಿಸಲಿಲ್ಲ. ತಮ್ಮದೇ ಸಣ್ಣ ಆಸ್ಪತ್ರೆಯಲ್ಲಿ 1911ರಿಂದ 1916ರವರೆಗೆ ಬಂದ 337 ರೋಗಿಗಳ ಲೆಕ್ಕ ಬರೆದು, ಅದರಲ್ಲಿ 123 ತಪ್ಪುಗಳಾಗಿವೆ ಅಂತ ತಾವೇ ಅಚ್ಚು ಹಾಕಿಸಿದರು. ಅವರ ಹತ್ತಿರ ಇದ್ದದ್ದು ರಟ್ಟಿನ ಕಾರ್ಡು, ಪೆನ್ನು.

ಕೊನೆಗೆ ನಿಮಗೇ ಒಂದು ಕೆಲಸ ಹೇಳಬೇಕು ಅಂತ ಇಷ್ಟೆಲ್ಲ ಬರೆದೆ. ನ್ಯೂಯಾರ್ಕಿನಲ್ಲಿ ಒಬ್ಬೊಬ್ಬ ಸರ್ಜನ್ನಿನ ಅಂಕಿಗಳನ್ನು ಇಲಾಖೆ ಮುಚ್ಚಿಟ್ಟುಕೊಂಡಿದ್ದಾಗ ಮಾಹಿತಿ ಕಾಯ್ದೆ ಹಿಡಿದು ಕೋರ್ಟಿಗೆ ಹೋಗಿ 1991ರಲ್ಲಿ ಹೊರಗೆ ತೆಗೆಸಿದ್ದು ನ್ಯೂಸ್‌ಡೇ ಅನ್ನುವ ಪತ್ರಿಕೆ. ಬ್ರಿಟನ್ನಿನಲ್ಲಿ 2005ರಲ್ಲಿ ಗಾರ್ಡಿಯನ್ ಪತ್ರಿಕೆ ಇದೇ ದಾರಿಯಲ್ಲಿ ಆಸ್ಪತ್ರೆಗಳಿಂದ ಹೃದಯ ಶಸ್ತ್ರಚಿಕಿತ್ಸೆಯ ಅಂಕಿ ಕೇಳಿ ಪಡೆದು ಪ್ರಕಟಿಸಿತು. ನಮ್ಮ ದೇಶದಲ್ಲೂ ಅದೇ 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು, ಅರ್ಜಿ ಶುಲ್ಕ 10 ರೂಪಾಯಿ. ಟ್ರಸ್ಟಿಗೆ ಒಂದು ಅರ್ಜಿ ಹಾಕಿ: ಕಳೆದ ಐದು ವರ್ಷದಲ್ಲಿ ಮೈಸೂರಿನ ಯಾವ ಯಾವ ಆಸ್ಪತ್ರೆಯಲ್ಲಿ ಎಷ್ಟು ಬೈಪಾಸ್, ಎಷ್ಟು ವಾಲ್ವ್ ಆಪರೇಷನ್ನಿಗೆ ದುಡ್ಡು ಕೊಟ್ಟಿದ್ದೀರಿ, ಅವರಲ್ಲಿ 30 ದಿನದೊಳಗೆ ತೀರಿಕೊಂಡವರು ಎಷ್ಟು, ಮತ್ತೆ ಅಡ್ಮಿಟ್ ಆದವರು ಎಷ್ಟು? ಉತ್ತರ ಬಂದರೆ ಹಾಗೇ ಹಾಕಿ, ಮೇಲೆ ಹೇಳಿದ ಲೆಕ್ಕದ ಎಚ್ಚರಿಕೆಯನ್ನೂ ಜೊತೆಗೆ ಹಾಕಿ. ‘ಮಾಹಿತಿ ಲಭ್ಯವಿಲ್ಲ’ ಅಂತ ಬಂದರೆ ಅದನ್ನು ಮೊದಲ ಪುಟದಲ್ಲೇ ಹಾಕಿ. ಅರ್ಜಿ ಬರೆಯಲು ಜನ ಬೇಕಾದರೆ ನಾನಿದ್ದೇನೆ, ಹತ್ತು ರೂಪಾಯಿಯೂ ನನ್ನದೇ ಇರಲಿ.

ಇಂತಿ,
ನಿವೃತ್ತ ಗಣಿತ ಉಪನ್ಯಾಸಕ, ಮಂಡ್ಯ